ಪದ್ಮಿನಿಯೂ ಥಾರೂ: ಚಾಮುಂಡಿ ಬೆಟ್ಟದಿಂದ ಕಬ್ಬಿನ ಗದ್ದೆಯವರೆಗೆ

ಮೈಸೂರಿನ ನಮ್ಮ ಮನೆಯಲ್ಲಿ ತಂದೆಯವರ ಕಾಲದ ಪ್ರೀಮಿಯರ್ ಪದ್ಮಿನಿಯೂ, ಮಂಡ್ಯದ ಕಡೆಯ ಜಮೀನಿಗೆ ಓಡಾಡಲೆಂದು ಕೊಂಡ ಮಹೀಂದ್ರ ಕಂಪನಿಯ ಜೀಪಿನಂಥ ಡೀಸೆಲ್ ಥಾರ್ ಕೂಡ ಇರುವುದರಿಂದ, ಎರಡನ್ನೂ ಒಂದೇ ದಾರಿಗಳಲ್ಲಿ ಓಡಿಸಿ ನೋಡಿದ್ದೇನೆ. ಹಳೆಯ ಕಾರು ಎಲ್ಲಿಗೆ ಬೇಕಾದರೂ ಹೋಗುತ್ತಿತ್ತೆಂಬ ಮಾತೂ, ಫೋರ್‌ವೀಲ್ ಡ್ರೈವ್ (ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ತಲುಪಿಸುವ ವ್ಯವಸ್ಥೆ) ಇಲ್ಲದೆ ಹಳ್ಳಿಯ ದಾರಿ ಸಾಗದೆಂಬ ಮಾತೂ ನನ್ನ ಅನುಭವದಲ್ಲಿ ಅರ್ಧ ಮಾತ್ರ ನಿಜ.

ಪದ್ಮಿನಿಯದು 1089 ಸಿಸಿ ಎಂಜಿನ್, ಸುಮಾರು 40 ಅಶ್ವಶಕ್ತಿ. ಥಾರ್‌ನದು 2184 ಸಿಸಿ, 130 ಅಶ್ವಶಕ್ತಿ. ಚಾಮುಂಡಿ ಬೆಟ್ಟ ಹತ್ತುವಾಗ ಈ ಅಂತರ ಸ್ಪಷ್ಟವಾಗಿ ತಿಳಿಯುತ್ತದೆ. ಆದರೆ ನನಗೆ ಮುಖ್ಯವೆನಿಸುವುದು ಇಳಿಯುವ ದಾರಿ. ಪದ್ಮಿನಿಯ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್. ಒಂದೇ ಸಮನೆ ಒತ್ತುತ್ತ ಬಂದರೆ ಅವು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಆದ್ದರಿಂದ ಸ್ಟೀರಿಂಗ್ ಪಕ್ಕದ ಗೇರನ್ನು ಎರಡನೆಯದಕ್ಕೆ ಹಾಕಿ, ಎಂಜಿನ್ನಿನ ಬಿಗಿಯಲ್ಲೇ ಇಳಿಯಬೇಕು. ಮುಂದೆ ಬೇಗ ತಣಿಯುವ ಡಿಸ್ಕ್ ಬ್ರೇಕ್, ಜೊತೆಗೆ ಜೋರಾಗಿ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಇರುವ ಥಾರ್‌ನಲ್ಲಿ ಈ ಆತಂಕ ಕಡಿಮೆ. ಮನೆಯವರೆಲ್ಲ ಕುಳಿತಿರುವಾಗ ನಾನು ಸಂದೇಹವಿಲ್ಲದೆ ಥಾರ್‌ನ ಬ್ರೇಕನ್ನೇ ನಂಬುತ್ತೇನೆ.

ಜಮೀನಿನ ದಾರಿಯಲ್ಲಿ ತೀರ್ಪು ಅಷ್ಟು ಸುಲಭವಲ್ಲ. ಬೇಸಿಗೆಯಲ್ಲಿ ನಾಲೆ ಏರಿಯ ಮೇಲೆ ಪದ್ಮಿನಿ ಚೆನ್ನಾಗಿಯೇ ಸಾಗುತ್ತದೆ. ಅದರ ತೂಕ ಸುಮಾರು 900 ಕೆ.ಜಿ.; ಅಗಲವೂ 1820 ಮಿ.ಮೀ. ಇರುವ ಥಾರ್‌ಗಿಂತ ಒಂದು ಗೇಣಿಗಿಂತಲೂ ಹೆಚ್ಚು ಕಿರಿದು. ಎದುರಿಗೆ ಕಬ್ಬು ತುಂಬಿದ ಗಾಡಿ ಬಂದರೆ ಏರಿಯ ಅಂಚಿಗೆ ಸರಿಯಲು ಹಗುರವಾದ, ಕಿರಿದಾದ ಕಾರೇ ಮೇಲು. ಆದರೆ ಮಳೆ ಬಿದ್ದು ಬಂಡಿ ಜಾಡು ಕೆಸರಾದ ಮೇಲೆ ಪದ್ಮಿನಿಯ ಹಿಂದಿನ ಚಕ್ರಗಳಲ್ಲಿ ಒಂದು ಜಾರಿತೆಂದರೆ, ಎರಡೂ ಚಕ್ರಗಳಿಗೆ ಶಕ್ತಿ ಹಂಚಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಎಂಬ ಗೇರು ಜೋಡಣೆ ಆ ಸಡಿಲ ಚಕ್ರವನ್ನೇ ತಿರುಗಿಸುತ್ತದೆ, ಹಿಡಿತವಿರುವ ಚಕ್ರ ಸುಮ್ಮನಿರುತ್ತದೆ. ಥಾರ್‌ನಲ್ಲಿ ಫೋರ್ ಹೈ ಹಾಕಿದೊಡನೆ ಮುಂದಿನ ಚಕ್ರಗಳೂ ಎಳೆಯತೊಡಗುತ್ತವೆ. ತೀರಾ ಹೂತಿದ್ದರೆ ವೇಗ ಕಡಿಮೆ, ಎಳೆತ ಹೆಚ್ಚು ಇರುವ ಫೋರ್ ಲೋ ಹಾಕಿ ನಿಧಾನವಾಗಿ ಹೊರಬರಬಹುದು. 226 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಇರುವುದರಿಂದ ಜಾಡಿನ ನಡುವಿನ ದಿಂಡು ತಳಕ್ಕೆ ತಾಗುವುದಿಲ್ಲ. ಮಳೆಗಾಲದಲ್ಲಿ ಜಮೀನಿಗೆ ನಾನು ಪದ್ಮಿನಿಯನ್ನು ಒಯ್ಯುವುದಿಲ್ಲ. ಒಣ ಡಾಂಬರು ರಸ್ತೆಯಲ್ಲಿ ಮಾತ್ರ ಫೋರ್ ಹೈ ಬಳಸಬಾರದು: ಥಾರ್‌ಗೆ ಮುಂದಿನ, ಹಿಂದಿನ ಚಕ್ರಗಳ ನಡುವೆ ಡಿಫರೆನ್ಷಿಯಲ್ ಇಲ್ಲ, ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಕ್ರಮಿಸುವುದರಿಂದ ಆ ಒತ್ತಡವೆಲ್ಲ ಗೇರುಗಳ ಮೇಲೆ ಬೀಳುತ್ತದೆ.

ಬೆಂಗಳೂರು ಹೆದ್ದಾರಿಯ ವೇಗಕ್ಕೆ ಥಾರ್ ಸರಿ. ಮೇಲುಕೋಟೆಗೆ ಹೋಗುವಾಗ ಅಮ್ಮ ಬಯಸುವುದು ಪದ್ಮಿನಿಯನ್ನೇ. ಮೂರು ಬಾಗಿಲಿನ ಥಾರ್‌ನಲ್ಲಿ ಮುಂದಿನ ಸೀಟು ಮಡಚಿ ಹಿಂದಕ್ಕೆ ಹತ್ತುವುದು ವಯಸ್ಸಾದವರಿಗೆ ಕಷ್ಟ.

ರಿಪೇರಿಯಲ್ಲಿ ಪದ್ಮಿನಿ ಸರಳ: ಕಾರ್ಬ್ಯುರೇಟರ್, ಪಾಯಿಂಟ್, ಪ್ಲಗ್ ಬಲ್ಲ ಹಿರಿಯ ಮೆಕ್ಯಾನಿಕ್ ಸಾಕು, ಥಾರ್‌ಗೆ ಎಲೆಕ್ಟ್ರಾನಿಕ್ ದೋಷ ಓದುವ ಸ್ಕ್ಯಾನರ್ ಇರುವ ಗ್ಯಾರೇಜ್ ಬೇಕು. ಆದರೆ ಈಗ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಕಬ್ಬು ಬೆಳೆಯುವ ನಮಗೆ ಎಥನಾಲ್ ಬೇಡವೆನ್ನಲಾಗದು. ಆದರೂ ಅದು ಹಳೆಯ ರಬ್ಬರ್ ಕೊಳವೆಗಳನ್ನು ಕೆಡಿಸುತ್ತದೆ, ತೇವ ಹೀರಿ ಟ್ಯಾಂಕಿಗೆ ತುಕ್ಕು ತರುತ್ತದೆ. ಹಳೆಯ ಕಾರು ಉಳಿಸಿಕೊಂಡವರು ಎಥನಾಲ್ ತಡೆಯುವ ಕೊಳವೆಗಳನ್ನು ಹಾಕಿಸಿ, ಪೆಟ್ರೋಲನ್ನು ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡದೆ ಓಡಿಸುತ್ತಿರಬೇಕು.