ಮಂಜು, ಹಳೆಯ ಮರ ಎಂದು ಹಣ ಕೇಳುವ ಫೋಟೋ ಪ್ರವಾಸದವರಿದ್ದಾರೆ, ಎಚ್ಚರ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕ್ಯಾಮೆರಾ ಹಿಡಿದು ಓಡಾಡುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ತುಮಕೂರಿನ ಬಳಿಯ ದೇವರಾಯನದುರ್ಗ ಬೆಟ್ಟಕ್ಕೆ ಫೋಟೋ ಪ್ರವಾಸ ಎಂದು ಹೇಳಿ ನಮ್ಮಿಂದ ತಲೆಗೆ 3,800 ರೂಪಾಯಿ ಕಟ್ಟಿಸಿಕೊಂಡು, ಇಲ್ಲದ ಮಂಜನ್ನೂ ಇಲ್ಲದ ಕಾಡನ್ನೂ ಮಾರಿದ ತಂಡವೊಂದು ಆಗ ನಮಗೆ ತೋರಿಸಿದ್ದ ಚಿತ್ರವನ್ನೇ ಈಗ ಎಡಬಲ ತಿರುಗಿಸಿ, ಕೆಳಗೆ ಸ್ಕಂದಗಿರಿ (ಚಿಕ್ಕಬಳ್ಳಾಪುರದ ಬಳಿಯ ಬೆಟ್ಟ) ಎಂದು ಬರೆದು, ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಹಂಚುತ್ತಿದೆ. ದೂರು ದಾಖಲಾಗಿರುವುದರಿಂದ ತಂಡದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಚಿತ್ರವನ್ನು ಮಾತ್ರ ವಿವರಿಸುತ್ತೇನೆ, ಅಷ್ಟರಿಂದಲೇ ಗುರುತು ಹಿಡಿಯಬಹುದು: ಬಿಳಿ ಮಂಜಿನ ನಡುವೆ ಸೊಟ್ಟಂಪಟ್ಟ ಕೊಂಬೆಗಳ ಒಂದು ಮುದಿ ಮರ, ಕಾಂಡದ ತುಂಬ ಹಸಿರು ಪಾಚಿ, ಕೊಂಬೆಗಳ ಮೇಲೆ ಜರಿಗಿಡ, ಬುಡದಲ್ಲಿ ಹಸಿ ಹುಲ್ಲು. ಈ ಚಿತ್ರ ನಿಮ್ಮ ಮೊಬೈಲ್‌ಗೆ ಬಂದರೆ ಹಣ ಹಾಕಬೇಡಿ.

ಇಂಥ ಪ್ರವಾಸಗಳ ರೀತಿ ಎಲ್ಲರಿಗೂ ಗೊತ್ತಿದೆ. ಮುಂಗಡ ಕಟ್ಟುತ್ತೇವೆ, ನಸುಕಿನಲ್ಲಿ ವ್ಯಾನು ಬರುತ್ತದೆ, ಕಲಿಸುವವರೊಬ್ಬರು ಜೊತೆಗಿರುತ್ತಾರೆ, ತಿಂಡಿ ಕೊಡುತ್ತಾರೆ. ಮಂಜು ಬೀಳದಿದ್ದರೆ ಯಾರೂ ಜಗಳ ತೆಗೆಯುವುದಿಲ್ಲ, ನಾನೂ ತೆಗೆಯುತ್ತಿರಲಿಲ್ಲ. ಆದರೆ ಇವರು ಫೋನಿನಲ್ಲಿ ಹೇಳಿದ ಮಾತುಗಳೇ ಬೇರೆ. ಅರಣ್ಯ ಇಲಾಖೆಯ ಅನುಮತಿ ಕೈಯಲ್ಲಿದೆ ಎಂದರು, ಚಿತ್ರದಲ್ಲಿರುವ ಮರದ ಬುಡಕ್ಕೇ ಕರೆದೊಯ್ಯುತ್ತೇವೆ ಎಂದರು. ಫೆಬ್ರವರಿಯಲ್ಲಿ ಮಂಜು ಸಿಗುತ್ತದೆಯೇ ಎಂದು ನಾನು ಸ್ಪಷ್ಟವಾಗಿ ಕೇಳಿದಾಗ, "ಶಿವರಾತ್ರಿವರೆಗೂ ಗ್ಯಾರಂಟಿ ಮೇಡಂ, ನಾವು ಪ್ರತಿ ವಾರ ಹೋಗೋರು" ಎಂದರು. ಪ್ರತಿ ವಾರ ಹೋಗುವವರು ಎಂಬ ಮಾತನ್ನು ನೆನಪಿಟ್ಟುಕೊಳ್ಳಿ.

ಬೆಳಗಿನ ಐದಕ್ಕೆ ತುಮಕೂರಿನ ಬಟವಾಡಿಯ ಹತ್ತಿರ ನಿಲ್ಲಲು ಹೇಳಿದ್ದರು. ನಾನು, ನನ್ನ ಒತ್ತಾಯಕ್ಕೆ ಹಣ ಕಟ್ಟಿದ್ದ ಸಹೋದ್ಯೋಗಿ, ನಿವೃತ್ತ ಮೇಷ್ಟ್ರೊಬ್ಬರು ಚಳಿಯಲ್ಲಿ ಟ್ರೈಪಾಡ್ ಹಿಡಿದು ನಿಂತೆವು. ವ್ಯಾನು ಬಂದಾಗ ಬಿಸಿಲು ಏರಿತ್ತು. ಬೆಂಗಳೂರಿನಿಂದ ಬಂದವರನ್ನು ಕ್ಯಾತ್ಸಂದ್ರದಲ್ಲಿ ಇಳಿಸಿ ತಟ್ಟೆ ಇಡ್ಲಿ ತಿನ್ನಿಸುತ್ತಿದ್ದರಂತೆ. ನಸುಕಿನ ಬೆಳಕಿಗಾಗಿ ಹಣ ಕೊಟ್ಟವರನ್ನು ರಸ್ತೆ ಬದಿಯಲ್ಲಿ ನಿಲ್ಲಿಸಿ ಇಡ್ಲಿ ತಿನ್ನುವ ಫೋಟೋ ಪ್ರವಾಸವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕರೆದೊಯ್ದದ್ದು ಬೆಟ್ಟದ ರಸ್ತೆಯ ಪಕ್ಕದ ಒಂದು ಹುಣಸೆ ತೋಪಿಗೆ. ಅಲ್ಲಿ ನಿಜವಾಗಿಯೂ ಒಂದು ಒಳ್ಳೆಯ ಮರವಿತ್ತು. ಬುಡದಲ್ಲಿ ಆಳು ನಿಲ್ಲುವಷ್ಟು ಪೊಟರೆ, ಒಂದು ಕೊಂಬೆ ನೆಲಕ್ಕೆ ಬಾಗಿ ಮತ್ತೆ ಮೇಲೆದ್ದಿತ್ತು. ಮಂಜಿಲ್ಲದಿದ್ದರೂ ಓರೆ ಬಿಸಿಲಿನಲ್ಲಿ ತೊಗಟೆಯ ಒಂದೊಂದು ಬಿರುಕೂ ಕಾಣುತ್ತಿತ್ತು. ಇಲ್ಲೇ ಇದ್ದುಬಿಡೋಣ ಎಂದು ಮೇಷ್ಟ್ರೂ ನಾನೂ ಕೇಳಿಕೊಂಡೆವು. ಅವರಿಗೆ ಗುಂಪಿನ ರೀಲ್ ಬೇಕಿತ್ತು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಕೈ ಬೀಸಿಸಿ, ಮತ್ತೆ ವ್ಯಾನು ಹತ್ತಿಸಿದರು. ಇಡೀ ದಿನದಲ್ಲಿ ಕಣ್ಣಿಗೆ ಬಿದ್ದ ಒಂದೇ ಒಂದು ಮರ ಅದು!

ಮುಂದಿನ ನಿಲ್ದಾಣವೇ ನಾನು ಮರೆಯಲಾರದ್ದು. ಕಾಡಿನ ಅಂಚಿನಲ್ಲಿ ಇಳಿಸಿ, ಒಣಗಿ ನಿಂತ ದಿಂಡಿಗ, ಜಾಲಿಗಳ ನಡುವೆ ಒಳಗೆ ನಡೆಸಿಕೊಂಡು ಹೋದರು. ಕಾಲಿಟ್ಟಲ್ಲೆಲ್ಲ ತರಗೆಲೆ ಸದ್ದು ಮಾಡುತ್ತಿತ್ತು. ಆಗ ತಂಡದ ಹುಡುಗನೊಬ್ಬ ಚೀಲ ಬಿಚ್ಚಿ ಬಣ್ಣದ ಕಾಗದ ಸುತ್ತಿದ ಡಬ್ಬಿಗಳನ್ನು ತೆಗೆದ. ಲೆನ್ಸ್ ಇಡುವ ಡಬ್ಬಿಗಳಿರಬಹುದು ಎಂದುಕೊಂಡೆ. ಅವು ಹೊಗೆ ಡಬ್ಬಿಗಳು, ಮದುವೆ ಫೋಟೋಗಳಲ್ಲಿ ದಂಪತಿಗಳ ಹಿಂದೆ ಬಿಡುತ್ತಾರಲ್ಲ, ಅವೇ. "ಎಲ್ಲಾರೂ ರೆಡಿ ಇರಿ, ಮಂಜು ಬರ್ತಾ ಇದೆ" ಎಂದು ಕೂಗಿ ಒಂದಕ್ಕೆ ಕಡ್ಡಿ ಗೀರಿಯೇಬಿಟ್ಟ. ಯಾರೋ ನಕ್ಕರು. ನನಗೆ ನಗು ಬರಲಿಲ್ಲ. ವಾರಗಟ್ಟಲೆ ಕಾದು, ಅಲಾರಂ ಇಟ್ಟು, ಹೊಸ ಫಿಲ್ಟರ್ ಕೊಂಡು ಬಂದದ್ದು ಮದುವೆ ಮನೆಯ ಹೊಗೆಗಾಗಿಯೇ? "ಮಂಜು ಬರ್ತಾ ಇದೆ"! ಆ ಮಾತು ಈಗ ನೆನೆದರೂ ಮೈ ಉರಿಯುತ್ತದೆ.

ಹೊಗೆ ಎಂದೂ ಮಂಜಾಗುವುದಿಲ್ಲ ಎಂಬುದು ಒಂದು ಚಿತ್ರ ತೆಗೆದರೂ ತಿಳಿಯುತ್ತದೆ. ನಿಜವಾದ ಮಂಜಿನಲ್ಲಿ ಹತ್ತಿರದ ಕಾಂಡ ಕಪ್ಪಾಗಿ, ಅದರ ಹಿಂದಿನದು ಬೂದಾಗಿ, ಇನ್ನೂ ಹಿಂದಿನದು ಕರಗಿದಂತೆ ಕಾಣುತ್ತದೆ. ದೂರ ಹೆಚ್ಚಿದಂತೆ ಬಿಳುಪು ಹೆಚ್ಚುತ್ತದೆ, ಗಿಜಿಗಿಜಿ ಕಾಡಿನಿಂದ ಒಂದೇ ಮರ ಬಿಡಿಸಿ ನಿಲ್ಲುವುದು ಅದರಿಂದಲೇ. ಇವರ ಹೊಗೆಯಲ್ಲಿ ಮುಂದಿನ ಮರ ಮುಚ್ಚಿಹೋಯಿತು, ಹಿಂದಿನ ಬೆಟ್ಟ ಕನ್ನಡಿಯಷ್ಟು ನಿಚ್ಚಳವಾಗಿತ್ತು. ಇದಕ್ಕೂ ಮೊದಲು ನಾನು ಕಲಿಸುವವರನ್ನು, ಮಂಜಿನ ಬಿಳುಪನ್ನು ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಬೂದು ಮಾಡಿಬಿಡುತ್ತದಲ್ಲ, ಎಕ್ಸ್‌ಪೋಷರ್ (ಒಳಗೆ ಬಿಡುವ ಬೆಳಕು) ಎಷ್ಟು ಏರಿಸಬೇಕು ಎಂದು ಕೇಳಿದ್ದೆ. ಸುಮಾರು ಒಂದು ಸ್ಟಾಪ್, ಅಂದರೆ ಬೆಳಕು ಎರಡರಷ್ಟಾಗುವಂತೆ, ಏರಿಸಿ ನೋಡಿ ಎಂದು ಯಾವ ಹವ್ಯಾಸಿಯಾದರೂ ಹೇಳುತ್ತಾನೆ. ಅವರು ಹೇಳಿದ್ದು, "ಆಟೋದಲ್ಲಿ ಬಿಡಿ ಮೇಡಂ, ಎಡಿಟ್‌ನಲ್ಲಿ ನೋಡ್ಕೊಳ್ಳೋಣ."

ಹೊಗೆ ಕಂಡು ಅರಣ್ಯ ಗಾರ್ಡ್ ಓಡಿಬಂದರು. ಬರದೆ ಇರುತ್ತಾರೆಯೇ? ಬೇಸಿಗೆ ಕಾಲಿಡುವ ಹೊತ್ತಿನಲ್ಲಿ ಒಣ ಎಲೆಯ ಮೇಲೆ ಕಿಡಿ ಬಿದ್ದರೆ ಗುಡ್ಡಕ್ಕೆ ಗುಡ್ಡವೇ ಹೋಗುತ್ತದೆ, ಅಲ್ಲದೆ ರಾಜ್ಯ ಅರಣ್ಯದೊಳಗೆ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. "ಇಲ್ಲಿ ಬೀಡಿ ಹಚ್ಚಿದ್ರೂ ಕೇಸ್ ಹಾಕ್ತೀವಿ ಕಣ್ರೀ, ನೀವು ಹೊಗೆ ಡಬ್ಬಿ ತಂದಿದ್ದೀರಲ್ಲ, ಓದಿದವರಲ್ವಾ?" ಎಂದು ಅವರು ಕೇಳಿದ್ದು ನಮ್ಮೆಲ್ಲರನ್ನೂ ನೋಡಿ. ಅನುಮತಿ ಪತ್ರ ಕೇಳಿದಾಗ ತಂಡದವರು ಮೊಬೈಲ್‌ನಲ್ಲಿ ತೋರಿಸಿದ್ದು ಯಾವುದೋ ಪ್ರವೇಶ ಟಿಕೆಟ್ಟಿನ ಫೋಟೋ. ನಮ್ಮೂರಿನ ಕಾಡಿನಲ್ಲಿ, ಗಾರ್ಡ್ ಹಿಡಿದ ಪುಸ್ತಕದಲ್ಲಿ, ತಪ್ಪಿತಸ್ಥರ ಸಾಲಿನಲ್ಲಿ ನಿಂತು ಹೆಸರು, ವಿಳಾಸ ಬರೆದುಕೊಟ್ಟೆವು. ಮೇಷ್ಟ್ರು ಬರೆಯುವಾಗ ಅವರ ಕೈ ನಡುಗುತ್ತಿತ್ತು. ಪಾಠ ಹೇಳಿ ಬಾಳಿದ ಮನುಷ್ಯನಿಗೆ ಈ ಅವಮಾನ ಮಾಡಿಸಿದ್ದಕ್ಕೆ ಆ ತಂಡದಿಂದ ಇವತ್ತಿನವರೆಗೂ ಒಂದು ಕ್ಷಮೆಯ ಮಾತಿಲ್ಲ.

ಮನೆಗೆ ಬಂದು ಅವರು ಕಳುಹಿಸಿದ್ದ ಮುದಿ ಮರದ ಚಿತ್ರವನ್ನು, ಚಿತ್ರದ ಮೂಲ ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಕೊಟ್ಟೆ. ಅದು ದೇವರಾಯನದುರ್ಗವೂ ಅಲ್ಲ, ಕರ್ನಾಟಕವೂ ಅಲ್ಲ. ಪೋರ್ಚುಗಲ್‌ಗೆ ಸೇರಿದ ಮಡೇರಾ ದ್ವೀಪದ ಫನಾಲ್ ಎಂಬ ಕಾಡು. ಅಟ್ಲಾಂಟಿಕ್ ಸಾಗರದ ತೇವದ ಗಾಳಿ ದ್ವೀಪದ ಬೆಟ್ಟಗಳನ್ನು ಏರಿ ತಣಿದು ಮೋಡವಾಗುತ್ತದೆ, ಆ ಮೋಡವೇ ಅಲ್ಲಿನ ಮಂಜು. ಟಿಲ್ ಎಂದು ಕರೆಯುವ ಶತಮಾನಗಳ ಹಳೆಯ ಮರಗಳ ಮೇಲೆ ಪಾಚಿ ಬೆಳೆಯುವುದು ಆ ತೇವಕ್ಕೆ. ದ್ವೀಪದ ಈ ಬಗೆಯ ಕಾಡನ್ನು ಯುನೆಸ್ಕೋ 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಜಗತ್ತಿನ ಛಾಯಾಗ್ರಾಹಕರೆಲ್ಲ ಹೋಗಿ ತೆಗೆಯುವ ಮರವನ್ನು ನಮ್ಮ ಒಣ ಕುರುಚಲು ಕಾಡಿನದೆಂದು ತೋರಿಸಿ ತುಮಕೂರಿನವರಿಗೇ ಮಾರಿದರು.

ಆ ಸಂಜೆಯೇ ಸಂದೇಶ ಕಳುಹಿಸಿದೆ. ಬಂದ ಉತ್ತರಗಳನ್ನು ಹಾಗೆಯೇ ಕೊಡುತ್ತೇನೆ. ಮೊದಲನೆಯದು: "ಅದು ಬರೀ ರೆಫರೆನ್ಸ್ ಇಮೇಜ್ ಮೇಡಂ." ಮರದ ಬುಡಕ್ಕೇ ಕರೆದೊಯ್ಯುತ್ತೇವೆ ಎಂದಿದ್ದಿರಲ್ಲ ಎಂದರೆ: "ಹೋಟೆಲ್ ಬೋರ್ಡಲ್ಲಿ ಬಿರಿಯಾನಿ ಫೋಟೋ ಇರುತ್ತೆ, ಅದೇ ತಟ್ಟೆ ನಿಮ್ಮ ಟೇಬಲ್‌ಗೆ ಬರುತ್ತಾ?" ಮಂಜಿನ ಗ್ಯಾರಂಟಿ ಏನಾಯಿತು ಎಂದರೆ: "ಮಂಜು ನಮ್ಮ ಕೈಲಿಲ್ಲ, ನರಸಿಂಹಸ್ವಾಮಿ ಕೈಲಿದೆ." ಪ್ರತಿ ವಾರ ಹೋಗುವವರಿಗೆ ಫೆಬ್ರವರಿಯ ಒಣ ಹವೆ ಗೊತ್ತಿರಲಿಲ್ಲವಂತೆ, ಬೆಟ್ಟದ ದೇವರಾದ ಸ್ವಾಮಿಗೆ ಗೊತ್ತಿತ್ತಂತೆ! ಅನುಮತಿಯ ವಿಷಯ ಎತ್ತಿದ ಮೇಲೆ ಉತ್ತರವೇ ಬರಲಿಲ್ಲ. ಬದಲಿಗೆ ನನ್ನದೇ ಫೋಟೋಗಳನ್ನು ತಿದ್ದಿ, ಮೇಲೊಂದು ಬಿಳಿ ಪದರ ಹಾಕಿ, "ಈಗ ನೋಡಿ, ಮಂಜು ಬಂತು" ಎಂದು ಕಳುಹಿಸಿದರು. ಆ ಮಂಜು ನನ್ನ ಸಹೋದ್ಯೋಗಿಯ ಮುಖದ ಮೇಲೂ ಹರಡಿತ್ತು.

ನನಗೆ ಹಣಕ್ಕಿಂತ ಹೆಚ್ಚು ಕೋಪ ಬಂದದ್ದು ಇನ್ನೊಂದಕ್ಕೆ. ನಮ್ಮ ಸೀಮೆಯಲ್ಲಿ ನೋಡುವಂಥ ಮರಗಳಿಲ್ಲವೇ? ಪಕ್ಕದ ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ನಮ್ಮ ಹಳ್ಳಿಗಳ ಗುಡಿಗಳ ಮುಂದೆ ಗೋಣಿ, ಅರಳಿ, ಇಪ್ಪೆ ಮರಗಳು ನಿಂತಿವೆ. ಮಳೆಗಾಲದಲ್ಲಿ ನಂದಿಬೆಟ್ಟಕ್ಕೂ ದೇವರಾಯನದುರ್ಗಕ್ಕೂ ಮೋಡ ತಾನಾಗಿಯೇ ಇಳಿಯುತ್ತದೆ, ಅದಕ್ಕೆ ಯಾರೂ ಕಡ್ಡಿ ಗೀರಬೇಕಿಲ್ಲ.

ಸ್ಕಂದಗಿರಿಯ ಹೆಸರು ನೋಡಿ ಮನಸ್ಸು ಮಾಡಿರುವವರು ಮೊದಲು ಆ ಚಿತ್ರವನ್ನು ಹುಡುಕಿ ನೋಡಿ. ತಿರುಗಿಸಿರುವುದರಿಂದ ಸಿಗದಿದ್ದರೆ ಮತ್ತೆ ತಿರುಗಿಸಿ ಹುಡುಕಿ. ಅನುಮತಿ ಪತ್ರವನ್ನು ದಿನಾಂಕ ಸಮೇತ ಕೇಳಿ, ಕಳುಹಿಸುತ್ತೇವೆ ಎಂದವರಿಗೆ ಕಳುಹಿಸಿದ ಮೇಲೆ ಹಣ ಹಾಕಿ. "ಸೀಟು ಎರಡೇ ಉಳಿದಿದೆ" ಎನ್ನುತ್ತಾರೆ, ನಮಗೂ ಅದನ್ನೇ ಹೇಳಿದ್ದರು, ವ್ಯಾನಿನಲ್ಲಿ ಅರ್ಧ ಸೀಟು ಖಾಲಿ ಇತ್ತು.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೂ ಜಾಗವಿದೆ, ಇಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ದೂರಿನ ಸುದ್ದಿ ತಿಳಿದ ಮೇಲೆ "ಅರ್ಧ ಹಣ ವಾಪಸ್ ಹಾಕ್ತೀವಿ, ಗ್ರೂಪಲ್ಲಿ ಬರೆದಿದ್ದು ಡಿಲೀಟ್ ಮಾಡಿ" ಎಂಬ ಸಂದೇಶ ಬಂತು, ಅದನ್ನೂ ದೂರಿಗೆ ಲಗತ್ತಿಸಿದ್ದೇನೆ. ಅಂದು ಆ ವ್ಯಾನಿನಲ್ಲಿದ್ದವರು ಇದನ್ನು ಓದುತ್ತಿದ್ದರೆ ನಿಮ್ಮ ಫೋನ್‌ಪೇ ರಸೀದಿಯನ್ನೂ ಅವರು ಕಳುಹಿಸಿದ ಚಿತ್ರವನ್ನೂ ಅಳಿಸಬೇಡಿ, ನನಗೆ ತಿಳಿಸಿ, ದೂರಿಗೆ ಸೇರಿಸೋಣ.