ಬಿಟಿ ಪುಡಿ: ಕೋಸಿನ ಹುಳಕ್ಕೆ ಸೈ, ಗಿಡಹೇನಿಗೆ ಸುಮ್ನೆ ದಂಡ

ಎಲೆಕೋಸಿಗೆ ಹಸಿರು ಹುಳ ಬಿದ್ದಿದೆ, ಮನೆಯವರೇ ತಿನ್ನುವ ತರಕಾರಿಗೆ ವಿಷ ಹೊಡೆಯೋಕೆ ಮನಸ್ಸಿಲ್ಲ ಅನ್ನುವವರು ಈ ಪುಡಿ ಧೈರ್ಯವಾಗಿ ತಗೊಳ್ಳಿ. ನನ್ನ ಕಡೆಯಿಂದ ನಾಲ್ಕು ಸ್ಟಾರ್.

"ಹೊಡೆದೆ, ಹುಳ ಸಾಯಲೇ ಇಲ್ಲ" ಅನ್ನುವ ದೂರು ಗೊಬ್ಬರದಂಗಡಿಯಲ್ಲಿ ಜಾಸ್ತಿ ಕೇಳಿಸುತ್ತದೆ. ಇದು ಮೈಗೆ ತಾಕಿದರೆ ಸಾಯಿಸುವ ಔಷಧಿ ಅಲ್ಲ ಸ್ವಾಮಿ. ಪ್ಯಾಕೆಟ್‌ನಲ್ಲಿ ಇರುವುದು ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಕುರ್‌ಸ್ಟಾಕಿ ಅನ್ನುವ ಬ್ಯಾಕ್ಟೀರಿಯಾ, ಬಿಟಿ ಅನ್ನುವುದು ಇದರ ಚುಟುಕು ಹೆಸರು. ಸಾಮಾನ್ಯವಾಗಿ ಬ್ಯಾಕ್ಟೀರಿಯಾಗಳು ತಮ್ಮ ಕೋಶದೊಳಗೆ ಕಣಕಣವಾಗಿ ಕೂಡಿಡುವುದು ಕಷ್ಟಕಾಲದ ಬುತ್ತಿಯನ್ನು: ಗ್ಲೈಕೋಜನ್, ಫಾಸ್ಫೇಟ್, ಪಿಎಚ್‌ಬಿ ಅನ್ನುವ ಪ್ಲಾಸ್ಟಿಕ್ ಜಾತಿಯ ವಸ್ತು, ಇಂಥವು. ಈ ಬ್ಯಾಕ್ಟೀರಿಯಾ ಅಷ್ಟಕ್ಕೇ ನಿಲ್ಲುವುದಿಲ್ಲ. ಬೀಜಕ (ಕಷ್ಟಕಾಲ ದಾಟಲು ಕಟ್ಟಿಕೊಳ್ಳುವ ಗಟ್ಟಿ ಕವಚದ ರೂಪ) ಕಟ್ಟುವ ಹೊತ್ತಿನಲ್ಲಿ ಅದರ ಪಕ್ಕದಲ್ಲೇ ಒಂದು ಪ್ರೋಟೀನ್ ಹರಳನ್ನೂ ಕಟ್ಟುತ್ತದೆ. ಎರಡು ಪಿರಮಿಡ್‌ಗಳನ್ನು ತಳಕ್ಕೆ ತಳ ಅಂಟಿಸಿದ ಆಕಾರ, ಉದ್ದ ಸುಮಾರು 1 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಆದರೂ ಕೋಶದ ಒಣತೂಕದಲ್ಲಿ ಶೇ. 20ರಿಂದ 30ರಷ್ಟು ಈ ಹರಳೇ ಇರಬಹುದು. ನಾವು ದುಡ್ಡು ಕೊಡುವುದು ಇದಕ್ಕೇ.

ಹರಳು ಮಾಮೂಲಿ ನೀರಿನಲ್ಲಿ ಕರಗುವುದಿಲ್ಲ. ಹುಳ ಎಲೆಯ ಜೊತೆ ಅದನ್ನು ತಿನ್ನಬೇಕು. ಮರಿಹುಳದ ಕರುಳು ಕ್ಷಾರದ್ದು, ಅಲ್ಲಿ ಹರಳು ಕರಗಿ, ಕರುಳಿನ ರಸವೇ ಆ ಪ್ರೋಟೀನನ್ನು ಕತ್ತರಿಸಿ ವಿಷ ಮಾಡಿ, ಅದು ಕರುಳಿನ ಗೋಡೆಗೆ ಅಂಟಿ ತೂತು ಕೊರೆಯುತ್ತದೆ. ನಮ್ಮ ಹೊಟ್ಟೆಯಲ್ಲಿ ಆಮ್ಲ, ಮೇಲಾಗಿ ಆ ವಿಷ ಅಂಟುವ ಜಾಗವೂ ನಮ್ಮ ಕರುಳಲ್ಲಿ ಇಲ್ಲ. ಸತ್ತ ಹುಳದ ಮೈ ಬ್ಯಾಕ್ಟೀರಿಯಾಗೆ ಊಟ. ಐನಾತಿ ಲೆಕ್ಕಾಚಾರ ಅಲ್ವಾ?

ಹಾಗಾಗಿ ಮಾರನೇ ದಿನ ಹುಳ ಇನ್ನೂ ಎಲೆ ಮೇಲೇ ಇದ್ದರೆ ಗಾಬರಿ ಬೇಡ. ತಿನ್ನುವುದನ್ನು ಬಿಟ್ಟಿದೆಯಾ ನೋಡಿ. ನಮ್ಮ ಕೋಸಿನಲ್ಲಿ ಹೊಸ ತೂತು ನಿಂತು, ಎಲೆ ಸಂದಿಯಲ್ಲಿ ಹಸಿ ಹಿಕ್ಕೆ ಬೀಳುವುದೂ ನಿಂತಿತು, ಆಮೇಲೆ ಹುಳಗಳು ಕಪ್ಪಾಗಿ ಜೋತುಬಿದ್ದವು. ಬಿಸಿಲಿಗೆ ಪ್ರೋಟೀನ್ ಬೇಗ ಕೆಡುತ್ತದೆ, ಅದಕ್ಕೇ ಸಂಜೆ ಹೊಡೆಯಿರಿ, ಎಲೆಯ ಅಡಿಗೂ ತಾಗಬೇಕು, ಹುಳ ಸಣ್ಣದಿರುವಾಗಲೇ ಆಗಬೇಕು. ಬಲಿತ ಹುಳ ಅಷ್ಟು ಸುಲಭಕ್ಕೆ ಬಗ್ಗಲ್ಲ. ಗಿಡಹೇನು, ಬಿಳಿನೊಣ ರಸ ಹೀರುವ ಜಾತಿ, ಎಲೆ ಜಗಿಯುವುದೇ ಇಲ್ಲ, ಅವಕ್ಕೆ ಹೊಡೆದರೆ ದಂಡ. ಹಾಗಂತ ವಾರವಾರ ಹೊಡೆಯುವ ಚಟವೂ ಬೇಡ: ಕೋಸಿನ ವಜ್ರಬೆನ್ನಿನ ಪತಂಗ ಇದಕ್ಕೆ ಜಗ್ಗದೇ ಇರುವುದು 1990ರಲ್ಲೇ ಹವಾಯಿಯ ಹೊಲಗಳಿಂದ ವರದಿಯಾಗಿದೆ.

ಇನ್ನು ಕಳೆದ ಆ ಒಂದು ಸ್ಟಾರ್. ರೇಷ್ಮೆ ಹುಳವೂ ಮರಿಹುಳವೇ. ಈ ಬ್ಯಾಕ್ಟೀರಿಯಾ ಮೊದಲು ಸಿಕ್ಕಿದ್ದೇ 1901ರಲ್ಲಿ, ಜಪಾನಿನ ಇಶಿವಾಟಾ ಅವರಿಗೆ, ಸಾಯುತ್ತಿದ್ದ ರೇಷ್ಮೆ ಹುಳಗಳಲ್ಲಿ. ರಾಮನಗರ, ಕೋಲಾರದ ಕಡೆ ಹಿಪ್ಪುನೇರಳೆ ತೋಟದ ಪಕ್ಕದಲ್ಲೇ ತರಕಾರಿ ಬೆಳೆಯುವವರು ಎಷ್ಟು ಜನ ಇದ್ದಾರೆ! ಗಾಳಿಗೆ ತೇಲಿ ಆ ಸೊಪ್ಪಿನ ಮೇಲೆ ಬಿದ್ದರೆ ಕಥೆ ಮುಗಿಯಿತು. ಇಂಥ ಎಚ್ಚರಿಕೆ ಪ್ಯಾಕೆಟ್ ಮೇಲೆ ಕನ್ನಡದಲ್ಲಿ ದಪ್ಪಗೆ ಇರಬೇಕಿತ್ತು. ನನಗೆ ಸಿಕ್ಕ ಚೀಟಿಯ ಅಕ್ಷರ ಭೂತಕನ್ನಡಿ ಹಿಡಿದರೂ ಓದೋಕಾಗಲ್ಲ. ಚಿಟ್ಟೆ ಮರಿಗಳೂ ಸಾಯುತ್ತವೆ, ಅದಕ್ಕೇ ನಮ್ಮ ನಿಂಬೆ ಗಿಡಕ್ಕೆ ನಾನು ಹೊಡೆಯಲಿಲ್ಲ.

ತಗೊಳ್ಳುವಾಗ ತಾರೀಖು ನೋಡಿ, ಬಿಸಿಲು ಬೀಳುವ ಶೋಕೇಸಿನಿಂದ ತೆಗೆದುಕೊಟ್ಟರೆ ಬೇಡ ಅನ್ನಿ. ಕಲಸಿದ ನೀರನ್ನು ಅದೇ ಸಂಜೆ ಖಾಲಿ ಮಾಡಿ.