ಕೀ ಗೊಂಚಲಿಗೆ ಇನ್ನೊಂದು ಕೀ: ಯೂಬಿಕೀ 5ಸಿ ಎನ್‌ಎಫ್‌ಸಿ, ಇಡೀ ಆಫೀಸಿಗೆ ಹಂಚಿದ ಮೇಲೆ

ಎಚ್‌ಎಸ್‌ಆರ್ ಲೇಔಟ್‌ನ ಒಂದು ಸ್ಟಾರ್ಟಪ್‌ನಲ್ಲಿ ನಾನು ಇನ್ಫರ್ಮೇಶನ್ ಸೆಕ್ಯುರಿಟಿ ಲೀಡ್. ಸೇರಿದಾಗ ಕಂಪನಿಯಲ್ಲಿ 45 ಜನ ಇದ್ದರು, ಈಗ 150. ಸೆಕ್ಯುರಿಟಿ ತಂಡ ಮಾತ್ರ ಅಷ್ಟೇ ಇದೆ: ನಾನು, ಮತ್ತೆ ಪರೀಕ್ಷೆ ಇಲ್ಲದ ದಿನ ಬರುವ ಒಬ್ಬ ಇಂಟರ್ನ್. ಲಾಗಿನ್ ಆಗಲು ಬಳಸುವ ಯೂಬಿಕೀ ಅನ್ನುವ ಈ ಚಿಕ್ಕ ಕೀಗಳನ್ನು ಯಾಕೆ ಕೊಂಡೆ ಅಂತ ಹೇಳಬೇಕಾದರೆ ನಮ್ಮ ಅಕೌಂಟ್ಸ್ ವಿಭಾಗದ ಹಿರಿಯರ ಕಥೆಯಿಂದ ಶುರು ಮಾಡಬೇಕು.

ಆಟೋ ಬಿಲ್ಲಿನಲ್ಲಿ ಹತ್ತು ರೂಪಾಯಿ ಜಾಸ್ತಿ ಇದ್ದರೂ ವಾಪಸ್ ಕಳಿಸುವ ಮನುಷ್ಯ ಅವರು. 2023ರ ಶುರುವಿನಲ್ಲಿ ಒಂದು ಮೇಲ್ ಬಂತು, ಇನ್‌ವಾಯ್ಸ್ ನೋಡಿ ಅಂತ. ಲಿಂಕ್ ಒತ್ತಿದರು. ಲಾಗಿನ್ ಪುಟ ದಿನಾ ನೋಡುವ ಹಾಗೆಯೇ ಇತ್ತು. ಪಾಸ್‌ವರ್ಡ್ ಕೊಟ್ಟರು, ಫೋನಿಗೆ ಬಂದ ಓಟಿಪಿಯನ್ನೂ ಕೊಟ್ಟರು. ನಡುವೆ ಕೂತವನು ಎರಡನ್ನೂ ಅಸಲಿ ಸೈಟಿಗೆ ದಾಟಿಸಿ, ಅವರ ಹೆಸರಲ್ಲಿ ಒಳಗೆ ಹೋದ. ಲಾಗ್‌ನಲ್ಲಿ ಕಂಡ ಕೂಡಲೇ ಸೆಷನ್ ಕಿತ್ತುಹಾಕಿದೆ. ಆಮೇಲೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ. 2022ರ ಏಪ್ರಿಲ್ ಆದೇಶದ ಪ್ರಕಾರ, ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು. ಅವತ್ತು ಮಧ್ಯಾಹ್ನದ ಊಟ ಸಂಜೆ ಐದಕ್ಕಾಯಿತು.

ಆ ಹಿರಿಯರು ಇಂಥ ನಕಲಿ ಮೇಲ್ ಮೋಸದ (ಫಿಶಿಂಗ್) ಬಗ್ಗೆ ನಾನು ಮಾಡುವ ಕ್ಲಾಸಿಗೆ ಒಂದು ದಿನವೂ ತಪ್ಪಿಸಿದವರಲ್ಲ. ಮುಂದಿನ ಸಾಲಿನಲ್ಲಿ ಕೂತು ನೋಟ್ಸ್ ಬರೆದುಕೊಂಡವರು. 'ಹುಷಾರಾಗಿರಿ' ಅಂತ ಇನ್ನೆಷ್ಟು ಸಲ ಹೇಳಲಿ?

ಈ ಕೀ ಹುಷಾರಾಗಿರಿ ಅಂತ ಕೇಳುವುದೇ ಇಲ್ಲ. ನೋಡೋಕೆ ಪುಟ್ಟ ಪೆನ್‌ಡ್ರೈವ್ ಥರ, ಇನ್ನೂ ತೆಳ್ಳಗೆ. ಬ್ಯಾಟರಿ ಇಲ್ಲ, ಸ್ಕ್ರೀನ್ ಇಲ್ಲ. ಲ್ಯಾಪ್‌ಟಾಪಿಗೆ ಚುಚ್ಚಿ, ನಡುವಿನ ಲೋಹದ ಬಿಲ್ಲೆ ಮುಟ್ಟಬೇಕು. ಫೋನಾದರೆ ಹಿಂಬದಿಗೆ ತಾಗಿಸಿದರೆ ಸಾಕು. ಮೊದಲ ಸಲ ನೋಂದಾಯಿಸುವಾಗ ಆ ಸೈಟಿನ ವಿಳಾಸಕ್ಕೆ ಗಂಟು ಹಾಕಿಕೊಂಡ ಒಂದು ಗುಟ್ಟು ಹುಟ್ಟುತ್ತದೆ. ಆಮೇಲೆ ಬ್ರೌಸರ್ ಆ ವಿಳಾಸವನ್ನು ತಾನೇ ತಾಳೆ ನೋಡುತ್ತದೆ. ಒಂದಕ್ಷರ ಬೇರೆ ಇದ್ದರೂ ಕೀ ಸಹಿ ಹಾಕುವುದಿಲ್ಲ. ಮನುಷ್ಯನ ಕಣ್ಣು ಮೋಸ ಹೋಗಬಹುದು, ಇಲ್ಲಿ ಕಣ್ಣಿಗೆ ಕೆಲಸವೇ ಇಲ್ಲ.

ಮ್ಯಾನೇಜ್‌ಮೆಂಟನ್ನು ಒಪ್ಪಿಸಲು ನಾನು ಹೇಳಿದ್ದು ಕ್ಲೌಡ್‌ಫ್ಲೇರ್ ಅನ್ನುವ ಇಂಟರ್ನೆಟ್ ಸೆಕ್ಯುರಿಟಿ ಕಂಪನಿಯ ಕಥೆ. 2022ರ ಜುಲೈನಲ್ಲಿ ಅಲ್ಲಿನ ಕನಿಷ್ಠ 76 ನೌಕರರಿಗೆ ಒಂದು ನಿಮಿಷದೊಳಗೆ ನಕಲಿ ಎಸ್‌ಎಮ್‌ಎಸ್ ಬಂತು. ಮೂವರು ಪಾಸ್‌ವರ್ಡ್ ಕೊಟ್ಟೇಬಿಟ್ಟರು. ಆದರೂ ಕಳ್ಳರಿಗೆ ಒಳಗೆ ಹೋಗಲಾಗಲಿಲ್ಲ, ಯಾಕೆಂದರೆ ಎಲ್ಲರ ಬಳಿಯೂ ಇಂಥ ಕೀ ಇತ್ತು. ಇದನ್ನು ಕಂಪನಿಯೇ ಬರೆದು ಹೇಳಿಕೊಂಡಿತು. ನಮ್ಮ ಸಿಇಒ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟಾಗುತ್ತೆ?"

ಜಾಸ್ತಿನೇ ಆಗುತ್ತೆ. ಅಮೆರಿಕದ ಬೆಲೆಯೇ ಒಂದಕ್ಕೆ 50 ಡಾಲರ್ ದಾಟುತ್ತದೆ, ಇಲ್ಲಿಗೆ ಬರುವಷ್ಟರಲ್ಲಿ ಇನ್ನೂ ಏರುತ್ತದೆ. ಒಬ್ಬರಿಗೆ ಎರಡು ಬೇಕು, ಒಂದು ಕಳೆದರೆ ಇನ್ನೊಂದು ಇರಲಿ ಅಂತ. ಅದೇ ಕಂಪನಿಯ ಸಾದಾ 'ಸೆಕ್ಯುರಿಟಿ ಕೀ' ಸರಣಿ ಸುಮಾರು ಅರ್ಧ ಬೆಲೆಗೆ ಸಿಗುತ್ತದೆ. ಬರೀ ಫೈಡೋ2, ಅಂದರೆ ಮೇಲೆ ಹೇಳಿದ ವಿಳಾಸ ತಾಳೆ ನೋಡುವ ಥರದ ಲಾಗಿನ್ ಸಾಕು ಅನ್ನುವವರಿಗೆ ಅದೇ ಧಾರಾಳ. ಇವತ್ತು ಮತ್ತೆ ಕೊಳ್ಳುವುದಾದರೆ ಎಂಜಿನಿಯರ್‌ಗಳಿಗೆ ಮಾತ್ರ ಈ ಯೂಬಿಕೀ 5 ಸರಣಿ ಕೊಟ್ಟು, ಉಳಿದವರಿಗೆ ಅದನ್ನೇ ಕೊಡುತ್ತಿದ್ದೆ. ದುಡ್ಡು ಸುಮ್ನೆ ಹೋಯಿತು ಅನ್ನಿ.

ಹಂಚಿದ ಮೊದಲ ವಾರ ಆಫೀಸ್ ಚಾಟ್ ತುಂಬ 'ಸಿಸಿಸಿಸಿಸಿ' ಅಂತ ಶುರುವಾಗುವ ಉದ್ದುದ್ದ ಸಾಲುಗಳು. 5 ಸರಣಿಯಲ್ಲಿ ಹಳೇ ಥರದ ಓಟಿಪಿ ಸೌಲಭ್ಯವೂ ಇದೆ. ಬಿಲ್ಲೆಗೆ ಬೆರಳು ತಾಗಿದರೆ 44 ಅಕ್ಷರ ತಾನೇ ಟೈಪ್ ಆಗುತ್ತದೆ. ಹಂಚುವ ಮೊದಲೇ ಅದನ್ನು ಆಫ್ ಮಾಡಬೇಕಿತ್ತು, ನಾನು ಮಾಡಿರಲಿಲ್ಲ. ಇಂಟರ್ನ್ ಎರಡು ದಿನ ಒಂದೊಂದೇ ಕೀ ವಾಪಸ್ ತೆಗೆದುಕೊಂಡು ಸರಿ ಮಾಡಿದ. ಆ ಎರಡು ದಿನ ಅವನ ಟೇಬಲ್ ಮುಂದೆ ರೇಷನ್ ಅಂಗಡಿ ಕ್ಯೂ.

ಇನ್ನೊಂದು ತಲೆನೋವು ಕೀಗೆ ಇಡುವ ಪಿನ್. ಎಂಟು ಸಲ ತಪ್ಪು ಹೊಡೆದರೆ ಫೈಡೋ ಭಾಗ ಬೀಗ ಹಾಕಿಕೊಳ್ಳುತ್ತದೆ. ಆಮೇಲೆ ರೀಸೆಟ್ ಒಂದೇ ದಾರಿ, ಆ ಭಾಗದಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ನಮ್ಮ ಡಿಸೈನರ್ ಒಬ್ಬರು ಎಟಿಎಂ ಪಿನ್, ಹುಟ್ಟಿದ ದಿನ, ಗಾಡಿ ನಂಬರ್ ಎಲ್ಲ ಪ್ರಯತ್ನಿಸಿ ಎಂಟನ್ನೂ ಮುಗಿಸಿ, ಮುಖ ಸಣ್ಣ ಮಾಡಿಕೊಂಡು ಬಂದರು.

ಹೊಸದಾಗಿ ಕೊಳ್ಳುವವರು ಒಂದು ವಿಷಯ ಮರೆಯಬೇಡಿ: ಕೀ ಕೊಟ್ಟ ಮೇಲೆ ಫೋನಿಗೆ ಬರುವ ಓಟಿಪಿಯ ದಾರಿಯನ್ನು ಮುಚ್ಚಿ. ಎರಡೂ ಇದ್ದರೆ ನಕಲಿ ಪುಟ ಕೀ ಕೇಳುವುದೇ ಇಲ್ಲ, ನಯವಾಗಿ ಓಟಿಪಿ ಕೇಳುತ್ತದೆ. ಮುಂಬಾಗಿಲಿಗೆ ಗೋದ್ರೇಜ್ ಬೀಗ, ಹಿತ್ತಲ ಬಾಗಿಲಿಗೆ ಬರೀ ಚಿಲಕ ಹಾಕಿದ ಹಾಗೆ. ನಮಗೆ ಇದನ್ನು ಪೂರ್ತಿ ಮುಚ್ಚಲು ಮೂರು ತಿಂಗಳು ಹಿಡಿಯಿತು. ಸಂಬಳದ ಸಾಫ್ಟ್‌ವೇರ್ ಮಾರಿದವರು ಸಿಂಗಲ್ ಸೈನ್-ಆನ್ (ಕಂಪನಿಯ ಒಂದೇ ಲಾಗಿನ್‌ನಿಂದ ಒಳಗೆ ಹೋಗುವ ಸೌಲಭ್ಯ) ಬೇಕಾದರೆ ದುಬಾರಿ ಪ್ಲಾನಿಗೆ ಬನ್ನಿ ಅಂದರು. ಜಗಳ ಆಡಿ ಸಾಕಾಗಿ ಕೊಟ್ಟೆವು. ಕಂಪನಿಯ ಬ್ಯಾಂಕ್ ಮಾತ್ರ ಈಗಲೂ ಎಸ್‌ಎಮ್‌ಎಸ್‌ನಲ್ಲೇ ಇದೆ. ಅಲ್ಲಿ ಈ ಕೀ ಬರೀ ಕೀಚೈನ್.

2024ರ ಸೆಪ್ಟೆಂಬರ್‌ನಲ್ಲಿ ನಮ್ಮ ತಾಂತ್ರಿಕ ಮುಖ್ಯಸ್ಥರು (ಸಿಟಿಒ) ರಾತ್ರಿ ಹನ್ನೊಂದಕ್ಕೆ ಒಂದು ಲಿಂಕ್ ಕಳಿಸಿದರು, ಕೆಳಗೆ ಮೂರು ಪ್ರಶ್ನಾರ್ಥಕ ಚಿಹ್ನೆ. ನಿಂಜಾಲ್ಯಾಬ್ ಅನ್ನುವ ಸೆಕ್ಯುರಿಟಿ ಸಂಶೋಧನಾ ಕಂಪನಿಯವರು ಯೂಬಿಕೀಯನ್ನು ನಕಲು ಮಾಡುವ ದಾರಿ ಕಂಡುಹಿಡಿದಿದ್ದರು. ದೋಷ ಒಳಗಿನ ಚಿಪ್ ಮಾಡುವ ಇನ್ಫಿನಿಯನ್ ಕಂಪನಿಯ ಕ್ರಿಪ್ಟೋ ಲೈಬ್ರರಿಯದು, ಅಂದರೆ ಗೂಢಲಿಪಿ ಲೆಕ್ಕ ಮಾಡುವ ಸಾಫ್ಟ್‌ವೇರಿನದು. 5.7ಕ್ಕಿಂತ ಹಳೇ ಫರ್ಮ್‌ವೇರ್ (ಕೀ ಒಳಗೇ ಕೂತಿರುವ ಸಾಫ್ಟ್‌ವೇರ್) ಇರುವ ಕೀಗಳಿಗೆಲ್ಲ ಅನ್ವಯ. ಅಪ್‌ಡೇಟ್ ಮಾಡೋಣ ಅಂದರೆ ಇದರ ಫರ್ಮ್‌ವೇರ್ ಬದಲಾಯಿಸಲು ಬರುವುದೇ ಇಲ್ಲ, ಬೇಕೆಂದೇ ಹಾಗೆ ಮಾಡಿದ್ದಾರೆ. ಆದರೆ ದಾಳಿಗೆ ಕೀ ಕೈಗೆ ಸಿಗಬೇಕು, ಕವಚ ಬಿಚ್ಚಬೇಕು, ಸಾವಿರಾರು ಯೂರೋ ಬೆಲೆಯ ಉಪಕರಣ ಬೇಕು. ನಮ್ಮ ಅಕೌಂಟ್ಸಿಗೆ ಅಷ್ಟು ಕಷ್ಟ ಪಡುವವರು ಯಾರೂ ಇಲ್ಲ. ಪ್ರೊಡಕ್ಷನ್ ಸರ್ವರ್ ಮುಟ್ಟುವ ಆರು ಜನರಿಗೆ ಮಾತ್ರ ಹೊಸ ಕೀ ತರಿಸಿದೆ, ಉಳಿದವರದು ಹಾಗೇ ಬಿಟ್ಟೆ. ಸಿಟಿಒಗೆ ರಾತ್ರಿಯೇ ಅಷ್ಟು ಬರೆದು ಮಲಗಿದೆ.

ಕಳೆದ ವರ್ಷ ಒಂದು ದಿನ ಅದೇ ಅಕೌಂಟ್ಸ್ ಹಿರಿಯರು ಬಂದರು. ಕೈಯಲ್ಲಿ ಕೀ, ಮುಖದಲ್ಲಿ ಬೇಸರ.

"ಇದು ಕೆಟ್ಟೋಗಿದೆ ಮೇಡಂ. ಬೆಳಿಗ್ಗೆಯಿಂದ ಮುಟ್ತಾ ಇದೀನಿ, ಒಳಗೆ ಬಿಡ್ತಾನೇ ಇಲ್ಲ."

ಹೋಗಿ ಅವರ ಸ್ಕ್ರೀನ್ ನೋಡಿದೆ. ಲಾಗಿನ್ ಪುಟ ಚೆಂದವಾಗಿತ್ತು. ಮೇಲೆ ವಿಳಾಸದಲ್ಲಿ ಒಂದು 'ಎಲ್' ಇರಬೇಕಾದ ಕಡೆ 'ಒಂದು' ಅಂಕಿ ಇತ್ತು. ಪಾಸ್‌ವರ್ಡ್ ಆಗಲೇ ನಾಲ್ಕು ಸಲ ಕೊಟ್ಟಿದ್ದರು. ಅದನ್ನು ಬದಲಾಯಿಸಿದೆವು, ಹತ್ತು ನಿಮಿಷದ ಕೆಲಸ. ಬೇರೇನೂ ಆಗಿರಲಿಲ್ಲ. ಅವರಿಗೆ ಕಾಫಿ ಕೊಡಿಸಿದೆ. ಯಾಕೆ ಅಂತ ಅವರಿಗೆ ಪೂರ್ತಿ ಅರ್ಥವಾಗಲಿಲ್ಲ ಅನ್ನಿಸುತ್ತೆ.

ಕೀ ಕಳೆದುಹೋದಾಗ ಏನು ಅನ್ನುವುದಕ್ಕೆ ನನ್ನ ಬಳಿ ಇನ್ನೂ ಪೂರ್ತಿ ಸಮಾಧಾನದ ಉತ್ತರ ಇಲ್ಲ. ಸೇಲ್ಸ್‌ನ ಹುಡುಗನೊಬ್ಬ ಹುಬ್ಬಳ್ಳಿ ಬಸ್ಸಿನಲ್ಲಿ ಗೊಂಚಲನ್ನೇ ಕಳೆದುಕೊಂಡ. ಎರಡನೇ ಕೀ ಬೆಂಗಳೂರಿನ ಬೀರುವಿನಲ್ಲಿ. ಹಾಗೆ ಇಡಿ ಅಂತ ಹೇಳಿದವಳೂ ನಾನೇ. ಹತ್ತು ಗಂಟೆಗೆ ಗ್ರಾಹಕರ ಮುಂದೆ ಡೆಮೊ. ಅವನ ದನಿ ಗುರುತು ಸಿಕ್ಕರೂ ಸುಮ್ನೆ ಒಳಗೆ ಬಿಡುವ ಹಾಗಿಲ್ಲ. 'ಕೀ ಕಳೆದುಹೋಯಿತು, ಅರ್ಜೆಂಟು' ಅಂತ ಹೆಲ್ಪ್‌ಡೆಸ್ಕಿಗೆ ಅಳುವುದೇ ಈಗ ಕಳ್ಳರ ಮೆಚ್ಚಿನ ದಾರಿ ಅಲ್ವಾ. ವಿಡಿಯೋ ಕಾಲ್ ಮಾಡಿ, ಅವನ ಮ್ಯಾನೇಜರನ್ನೂ ಕರೆದು, ಇಬ್ಬರೂ ಹೂಂ ಅಂದ ಮೇಲೆ ಒಂದು ಗಂಟೆಯ ತಾತ್ಕಾಲಿಕ ಕೋಡ್ ಕೊಟ್ಟೆ. ಡೆಮೊ ಹತ್ತೂವರೆಗೆ ಶುರುವಾಯಿತು. ಅವನು ಈಗ ಎರಡನೇ ಕೀಯನ್ನು ಲ್ಯಾಪ್‌ಟಾಪ್ ಬ್ಯಾಗಿನ ಒಳಜೇಬಿಗೆ ಹೊಲಿಸಿಕೊಂಡಿದ್ದಾನೆ.

ಈ ತಿಂಗಳು ಹೊಸಬರು 12 ಜನ ಸೇರುತ್ತಿದ್ದಾರೆ. 24 ಕೀಗೆ ಆರ್ಡರ್ ಕಳಿಸಿದೆ, ಸಾದಾ ಸರಣಿಯವು. ಮಂಜೂರು ಮಾಡಬೇಕಾದ ಅಕೌಂಟ್ಸ್ ಹಿರಿಯರು ವಾಪಸ್ ಬರೆದಿದ್ದಾರೆ: "12 ಜನಕ್ಕೆ 24 ಯಾಕೆ?"